ಕಲ್ಲಿದ್ದಲು ಉರಿಯುವುದಕ್ಕಷ್ಟೇ ಅಲ್ಲ, ಅವ್ವ

ಅವ್ವ,

ನಿನ್ನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಎಲೆ ಮುಂದೆ ಕೂತಿದ್ದಾಗ ಮಾವ ಎಲ್ಲರೆದುರು ನನ್ನನ್ನು ಕೇಳಿಬಿಟ್ಟ. "ನಿಮ್ಮವ್ವುನ್ನ ತಿಂದದ್ದೇ ಆ ಇದ್ಲು. ನೀನೂ ಅದ್ನೇ ತಬ್ಕಂಡು ಕುಂತಿದ್ದೀಯಲ್ಲವ್ವ, ಬುದ್ಧಿ ಅದಾ ನಿಂಗ?" ನಾನು ಉತ್ತರ ಕೊಡಲಿಲ್ಲ, ಎದ್ದೂ ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆದರೆ ನಿಜ ಅಂದ ಮಾತ್ರಕ್ಕೆ ಕೆಲಸ ಕೈಬಿಡಬೇಕಾ? ಅವನಿಗೆ ಕೊಡದ ಉತ್ತರವನ್ನು ಇವತ್ತು ನಿನಗೆ ಬರೆಯುತ್ತಿದ್ದೇನೆ.

ಅಪ್ಪ ಹೋದ ಮೇಲೆ ಯಳಂದೂರಿನ ನಮ್ಮ ಕುಲುಮೆಯಲ್ಲಿ ನೀನೇ ಸುತ್ತಿಗೆ ಹಿಡಿದ ಮೊದಲ ವಾರ ನೆನಪಿದೆಯಾ? ಧನಗೆರೆಯ ಒಬ್ಬ ರೈತ ನೇಗಿಲ ಕುಳ ತಂದವನು ಬಾಗಿಲಲ್ಲೇ ನಿಂತ. "ಎಂಗ್ಸು ಬಡ್ದ ಕುಳ ನೆಲಕ್ಕ ಇಳೀತದಾ?" ಅಂದ. ನೀನು ತಲೆ ಎತ್ತಲಿಲ್ಲ. "ತಕಂಡೋಗಿ ಉತ್ನೋಡು. ಇಳೀದೇ ಓದ್ರೆ ತಂದು ನನ್ ಮುಂದಕ್ಕ ಬಿಸಾಕು" ಅಂದೆ. ಮುಂದಿನ ವರ್ಷ ಅವನೇ ಎರಡು ಕುಳ ಹೊತ್ತುಕೊಂಡು ಬಂದ. ನೀನು ಆಗಲೂ ತಲೆ ಎತ್ತಲಿಲ್ಲ, ಮುಸಿಮುಸಿ ನಗುತ್ತಿದ್ದೆ. ಬೆಂಕಿಗೆ ಗಾಳಿ ಊದುವ ಬ್ಲೋವರ್ ತಿರುಗಿಸುತ್ತಿದ್ದ ನನಗೆ ಕಾಣುತ್ತಿತ್ತು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನ ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, "ಬೀಡಿ ಸೇದ್ತೀರೇನಮ್ಮ?" ಎಂದು ಕೇಳಿದರು. "ಬೀಡಿ ಯಾಕ್ ಸಾ, ಕುಲುಮೇನೇ ಸೇದಿವ್ನಿ" ಅಂದೆ ನೀನು. ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಆಸ್ಪತ್ರೆಯ ಮಂಚದ ಮೇಲೆ ಕೂತು, ಮೈಸೂರಿನ ಲ್ಯಾಬಿನಲ್ಲಿ ನಾನು ಏನು ಮಾಡುತ್ತೇನೆಂದು ನೀನು ಮೊದಲ ಸಲ ಪೂರ್ತಿ ಕೇಳಿದೆ. ಫೋನಿನ ಬ್ಯಾಟರಿಯೊಳಗೆ ಲಿಥಿಯಂ ಅನ್ನುವುದು ಅತ್ತಿಂದಿತ್ತ ಓಡಾಡುತ್ತದೆ, ಚಾರ್ಜ್ ಮಾಡಿದಾಗ ಅದು ಹೋಗಿ ಕೂರುವ ಮನೆ ಗ್ರಾಫೈಟ್, ಅದನ್ನು ಬಹುಪಾಲು ಹೊರದೇಶದಿಂದ ತರಿಸಬೇಕು, ಆ ಮನೆಯನ್ನು ನಾವು ಕಲ್ಲಿದ್ದಲಿನಲ್ಲಿ ಕಟ್ಟಲು ನೋಡುತ್ತಿದ್ದೇವೆ ಅಂದೆ ನಾನು. "ಒಲೆಗಾಕೋದ್ನ ತಕಂಡೋಗಿ ಫೋನ್ಗಾಕೀರಾ? ಆಯ್ತದಾ?" ಅಂದೆ ನೀನು. "ಗೊತ್ತಿಲ್ಲ ಅವ್ವ, ಇನ್ನೂ ಆಗಿಲ್ಲ" ಅಂದೆ ನಾನು. "ಆಗೋಗಂಟ ಬುಡಬ್ಯಾಡ" ಅಂದವಳು ಕೆಮ್ಮಲು ಶುರು ಮಾಡಿದೆ, ಆಮೇಲೆ ಮಾತು ಮುಂದುವರಿಯಲೇ ಇಲ್ಲ…

ನಿನ್ನ ಕಾರ್ಯದ ರಜೆ ಮುಗಿಸಿ ಲ್ಯಾಬಿಗೆ ಮರಳಿದ ದಿನವೇ ನನ್ನ ಸಂಶೋಧನೆಯ ಗೈಡ್ ಕರೆದು ಕೂರಿಸಿದರು. ಪರಿಶೀಲನಾ ಸಮಿತಿಯವರಿಗೆ ನಮ್ಮ ಕೆಲಸದಲ್ಲಿ ನಂಬಿಕೆ ಹೋಗಿದೆ, ಮೂರು ತಿಂಗಳಲ್ಲಿ ಏನೂ ತೋರಿಸದಿದ್ದರೆ ಮುಚ್ಚುತ್ತಾರೆ ಅಂದರು. ತೋರಿಸಲು ನಮ್ಮಲ್ಲಿ ಏನಿತ್ತು? ಕಲ್ಲಿದ್ದಲನ್ನು ಪುಡಿ ಮಾಡಿ, ಆಸಿಡ್‌ನಲ್ಲಿ ತೊಳೆದು ಬೂದಿಯ ಅಂಶ ತೆಗೆದು, ಗಾಳಿಯಾಡದ ಫರ್ನೇಸಿನಲ್ಲಿ ಕಾಯಿಸಿ, ಅಂಗಿಯ ಗುಂಡಿಯಷ್ಟಗಲದ ಬ್ಯಾಟರಿ ಸೆಲ್ ಕಟ್ಟುತ್ತಿದ್ದೆವು. ಮೊದಲ ಚಾರ್ಜಿನಲ್ಲೇ ಅದು ಲಿಥಿಯಂ ನುಂಗಿಬಿಡುತ್ತಿತ್ತು, ಪೂರ್ತಿ ವಾಪಸ್ ಕೊಡುತ್ತಿರಲಿಲ್ಲ. ಫರ್ನೇಸಿಗೆ ಸರದಿ ಹೆಚ್ಚು. ಎಲ್ಲರಿಗೂ ಅವಸರ. ನಾವೂ ಸರಸರನೆ ಕಾಯಿಸುತ್ತಿದ್ದೆವು, ಇದ್ದಲು ಒಳಗೇ ಉಬ್ಬಿ ಸಂಡಿಗೆಯ ಹಾಗೆ ತೂತುತೂತಾಗುತ್ತಿತ್ತು, ಆ ತೂತುಗಳಲ್ಲೇ ಲಿಥಿಯಂ ಸಿಕ್ಕಿಬೀಳುತ್ತಿತ್ತು. ಕುಲುಮೆಯಲ್ಲಿ ಹೊಸ ಇದ್ದಲನ್ನು ಬೆಂಕಿಯ ನಡುವೆ ಸುರಿದರೆ ನೀನು ಕೈಗೆ ಹೊಡೆಯುತ್ತಿದ್ದೆ. ಅಂಚಿನಲ್ಲಿಟ್ಟು, ಹೊಗೆಯೆಲ್ಲ ಬಿಟ್ಟ ಮೇಲೆ ಒಳಗೆ ಎಳೆಯಬೇಕು ಅನ್ನುತ್ತಿದ್ದೆ. ನಿಧಾನವಾಗಿ ಕಾಯಿಸಬೇಕೆಂದು ನಾನು ಓದಿಯೂ ಇದ್ದೆ. ಗೊತ್ತಿದ್ದೂ ಅವಸರ ಮಾಡಿದ್ದೆ. ಫರ್ನೇಸನ್ನು ಒಂದೇ ಸಮನೆ ಮೂರು ದಿನ ನನಗೇ ಬಿಡಿ ಎಂದು ಜಗಳವಾಡಿ ಬರೆಸಿಕೊಂಡೆ.

ಆ ವಾರದಲ್ಲೇ ಪುಡಿ ಮಾಡುವ ಕೋಣೆಯಿಂದ ಒಂದು ಕೆಮ್ಮು ಕೇಳಿಸಿತು. ನಿಂತಲ್ಲೇ ನಿಂತುಬಿಟ್ಟೆ, ಅವ್ವ. ಒಳಗಿದ್ದವಳು ಗ್ರೈಂಡರ್ ನಡೆಸುವ ರತ್ನಮ್ಮ, ಹನೂರಿನ ಕಡೆಯವಳು. ಮೂಗಿಗೆ ಸೆರಗು ಸುತ್ತಿಕೊಂಡಿದ್ದಳು. ಗೋಡೆಯ ಮೇಲಿನ ಧೂಳೆಳೆಯುವ ಫ್ಯಾನು ಕೆಟ್ಟು ಎಷ್ಟು ದಿನವಾಯಿತೆಂದು ಕೇಳಿದೆ. "ನಾ ಬಂದಾಗ್ಲೇ ಕೆಟ್ಟಿತ್ತು ಕಣ್ ಮೇಡಂ. ಯೋಳುದ್ರೆ ಕೆಲ್ಸದಿಂದ ತಗ್ದಾರು ಅಂತ ಸುಮ್ಕಿದ್ದಿ" ಅಂದಳು. ದಿನವೂ ಆ ಕೋಣೆಯಿಂದ ಡಬ್ಬಿ ತುಂಬಿ ತರುತ್ತಿದ್ದವಳು ನಾನೇ. ನನಗೆ ಯಾಕೆ ಕಂಡಿರಲಿಲ್ಲ?

ಗ್ರೈಂಡರಿನ ಸ್ವಿಚ್ಚು ಆರಿಸಿ, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಗೈಡ್ ಅವರ ಮೇಜಿನ ಮೇಲೆ ಇಟ್ಟೆ. ಧೂಳು ಎಳೆಯುವ ಯಂತ್ರ ಬರುವ ತನಕ, ರತ್ನಮ್ಮನನ್ನು ಡಾಕ್ಟರಿಗೆ ತೋರಿಸುವ ತನಕ ಪುಡಿ ಮಾಡಿಸುವುದಿಲ್ಲ ಅಂದೆ. "ಒಂದು ತಿಂಗಳು ಹೋಗುತ್ತದೆ ಭಾಗ್ಯ. ಸಮಿತಿ ಮುಚ್ಚಿಬಿಡುತ್ತದೆ" ಅಂದರು. "ಮುಚ್ಚಲಿ ಸಾರ್" ಅಂದೆ. ಐದು ವರ್ಷದ ಕೆಲಸ… ಅವರು ಕೀಲಿಯನ್ನು ತಮ್ಮ ಡ್ರಾಯರಿಗೆ ಹಾಕಿದರು. ಆಮೇಲೆ ಯಂತ್ರ ತರಿಸಲು ನಾನು ಬರೆದು ತಂದಿದ್ದ ಅರ್ಜಿಗೆ ಸಹಿ ಹಾಕಿದರು.

ಯಂತ್ರ ಬರಲು ಒಂದು ತಿಂಗಳೇ ಹಿಡಿಯಿತು. ರತ್ನಮ್ಮನ ಎದೆಗೆ ಇನ್ನೂ ಹೆಚ್ಚು ಏನೂ ಆಗಿಲ್ಲ, ಸಕಾಲಕ್ಕೆ ಬಂದಿರಿ ಅಂದರು ಡಾಕ್ಟರು. ಆ ಮಾತನ್ನು ನಿನಗೂ ಯಾರಾದರೂ ಹೇಳಿದ್ದರೆ… ಇರಲಿ. ಬರೆಸಿಕೊಂಡಿದ್ದ ಫರ್ನೇಸಿನ ಸರದಿ ಅಷ್ಟರಲ್ಲಿ ತಪ್ಪಿಹೋಗಿತ್ತು, ಉಳಿದ ದಿನಗಳಲ್ಲಿ ಮೂರು ದಿನದ ನಿಧಾನದ ಕಾವಿಗೆ ಒಂದೇ ಒಂದು ಸಲ ಅವಕಾಶ ಸಿಕ್ಕಿತು. ಕಟ್ಟಿದ ಸೆಲ್‌ಗಳಲ್ಲಿ ಕೆಲವು ಸತ್ತವು. ಹೆಚ್ಚಿನವು ಬದುಕಿದವು, ಕೊಟ್ಟ ಲಿಥಿಯಂನಲ್ಲಿ ಮೊದಲಿಗಿಂತ ಎಷ್ಟೋ ಹೆಚ್ಚು ವಾಪಸ್ ಕೊಟ್ಟವು, ದಿನಗಟ್ಟಲೆ ಚಾರ್ಜ್ ಮಾಡಿ ಖಾಲಿ ಮಾಡಿದರೂ ಸೋಲಲಿಲ್ಲ. ಸತ್ತವನ್ನೂ ಮುಚ್ಚಿಡದೆ ಎಲ್ಲವನ್ನೂ ಸಮಿತಿಯ ಮುಂದೆ ಇಟ್ಟೆ. ಹಿರಿಯರೊಬ್ಬರು ಕನ್ನಡಕ ತೆಗೆದು, "ಆದರೂ ಇದು ಗ್ರಾಫೈಟಿಗೆ ಸಮ ಅಲ್ಲವಲ್ಲ?" ಅಂದರು. "ಅಲ್ಲ ಸಾರ್. ಗ್ರಾಫೈಟ್ ಮುಂದಿದೆ. ಹಾಗಂತ ನಾವು ನಿಲ್ಲಬೇಕಾ?" ಅಂದೆ. ಅವರು ಕನ್ನಡಕ ಹಾಕಿಕೊಂಡು ನನ್ನ ಲೆಕ್ಕದ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವಿದರು.

ಅವ್ವ, ಮೊನ್ನೆ ಪತ್ರ ಬಂತು. ಕೆಲಸ ಮುಚ್ಚುತ್ತಿಲ್ಲ. ದೊಡ್ಡ ಫರ್ನೇಸ್ ಹಾಕಲು ಯೋಜನೆ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆದುಕೊಟ್ಟೆ. ಪಟ್ಟಿಯಲ್ಲಿ ಮೊದಲನೆಯದು ಫರ್ನೇಸ್ ಅಲ್ಲ, ಧೂಳು ಮತ್ತು ಹೊಗೆ ಎಳೆಯುವ ಯಂತ್ರ. ಇದನ್ನು ಕೈಬಿಟ್ಟರೆ ಉಳಿದದ್ದೂ ಬೇಡ ಎಂದು ಕೆಳಗೆ ಕೈಬರಹದಲ್ಲಿ ಸೇರಿಸಿ ಸಹಿ ಹಾಕಿದ್ದೇನೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ಮತ್ತೆ ಬರೆಯುತ್ತೇನೆ. ಇನ್ನೊಬ್ಬಳ ಉಸಿರು ಕೊಟ್ಟು ಬ್ಯಾಟರಿ ಮಾಡುವುದಿಲ್ಲ, ಬ್ಯಾಟರಿ ಮಾಡುವುದನ್ನೂ ಬಿಡುವುದಿಲ್ಲ.

ನಿನ್ನ ಮಗಳು,
ಭಾಗ್ಯ