ಕಾರು ನೋಡಲು ಹೋದ ಹೆಂಗಸರು

ಪ್ರೀತಿಯ ಅಣ್ಣಮ್ಮ ಚೇಚಿಗೆ,

ನಿಮ್ಮನ್ನು ಕಡಬದ ಇಗರ್ಜಿಯ ಹಿಂದೆ ಮಣ್ಣು ಮಾಡಿದ ದಿನ ನಿಮ್ಮ ಮೈದುನ ತೊಮ್ಮಚ್ಚ ಎಲ್ಲರ ಎದುರು ಒಂದು ಮಾತು ಹೇಳಿದರು: "ಮೋಟಾರು ಹುಚ್ಚು ಹಿಡಿಯದಿದ್ದರೆ ಅತ್ತಿಗೆ ಇನ್ನೂ ಬದುಕ್ತಿದ್ದರು." ಟೈಫಾಯ್ಡ್ ಬಂದು ತೀರಿಕೊಂಡ ನಿಮಗೆ ಮೋಟಾರು ಎಂತ ಮಾಡಿತು? ಆವತ್ತು ಅಳುವಿನಲ್ಲಿ ನನಗೆ ಬಾಯಿ ಬರಲಿಲ್ಲ. ಈಗ ಬಂದಿದೆ.

ನಿಮ್ಮ ಗಂಡ ಚಾಕೋ ಅಣ್ಣ ತೀರಿಕೊಂಡ ಮೇಲೆ ಅವರ ಜೀಪನ್ನು ನೀವೇ ಓಡಿಸಿದ್ದು ನೆನಪುಂಟಾ? ಯುದ್ಧದ ಕಾಲದ್ದು, ಸ್ಟಿಯರಿಂಗು ಎಡಕ್ಕೆ. ರಬ್ಬರ್ ಸಸಿ ತುಂಬಿಸಿಕೊಂಡು ನೆಲ್ಯಾಡಿಯಿಂದ ನೀವು ಬರುವಾಗ ಪೇಟೆಯ ಗಂಡಸರು ಚಾ ಗ್ಲಾಸು ಕೆಳಗಿಟ್ಟು ನೋಡುತ್ತಿದ್ದರು. ಕೊಯ್ಲಾದ ಗದ್ದೆಯಲ್ಲಿ ನನಗೂ ಕಲಿಸಿದಿರಿ. ಜೀಪು ಕುಪ್ಪಳಿಸಿ ನಿಂತಾಗ ನಾನು ಇಳಿಯಲು ಹೊರಟೆ. "ಎಂತ ಮೋಳೆ, ಅದು ಹುಲಿಯಾ ತಿನ್ಲಿಕ್ಕೆ? ಕೂತ್ಕೋ ಅಲ್ಲೇ," ಎಂದು ಗದರಿದಿರಿ. ನೆರೆಮನೆಯವಳಾದ ನಾನು ನಿಮಗೆ ಮೋಳೆ, ಮಗಳು; ನೀವು ನನಗೆ ಚೇಚಿ, ಅಕ್ಕ.

ಈಶ್ವರಮಂಗಲದ ಧನಿಗಳ ಶೆಡ್ಡಿನಲ್ಲಿ ಹಳೇ ಕಾರು ಉಂಟೆಂದು ಕೇಳಿ ನಾವಿಬ್ಬರೂ ಹೋದ ದಿನ... ಅವರ ಗುಮಾಸ್ತ ಬಾಗಿಲಲ್ಲೇ ತಡೆದ. "ಗಂಡಸರು ಯಾರೂ ಬರ್ಲಿಲ್ವಾ?"

"ಕಣ್ಣು ನಮಗೂ ಉಂಟು ಮಾರಾಯ್ರೆ," ಎಂದಿರಿ ನೀವು.

ಆದರೂ ಅವನು ಬಾಗಿಲು ತೆಗೆಯಲಿಲ್ಲ. ಹಲಗೆಯ ಸಂದಿಯಲ್ಲಿ ಒಂದು ಹಿತ್ತಾಳೆ ದೀಪ ಕಂಡಿತು, ಅಷ್ಟೇ. ಬರುವ ದಾರಿಯಲ್ಲಿ ನೀವು ಹೇಳಿದಿರಿ, ಮೈಸೂರಿನ ಹತ್ತಿರ ಯಾರೋ ಶ್ರೀಮಂತರು ಹಳೇ ಕಾರುಗಳನ್ನೆಲ್ಲ ಒಟ್ಟು ಮಾಡಿ ಮ್ಯೂಸಿಯಂ ಮಾಡಿದ್ದಾರಂತೆ, ಬೇಸಿಗೆಯಲ್ಲಿ ಹೋಗುವ ಅಂತ. ಬೇಸಿಗೆ ಬಂತು. ನೀವು...

ನಾನು ಹೋದೆ ಚೇಚಿ. ಹೊರಡುತ್ತೇನೆಂದಾಗ ನನ್ನ ಗಂಡ, "ದಸರಾ ಅಲ್ಲ, ಎಂತದ್ದೂ ಅಲ್ಲ, ಕಾರು ನೋಡ್ಲಿಕ್ಕೆ ಮೈಸೂರಿಗಾ?" ಎಂದರು. "ಹೌದು, ಕಾರು ನೋಡ್ಲಿಕ್ಕೇ," ಎಂದೆ. ಅಕ್ಕಿ ಆರಿಸುತ್ತಿದ್ದ ಅತ್ತೆ ಗೆರಸೆ ಬದಿಗಿಟ್ಟರು. ಅವರೂ ಬೈಯುತ್ತಾರೆಂದು ಎದುರುತ್ತರಕ್ಕೆ ತಯಾರಾಗಿ ನಿಂತರೆ, "ನಾನೂ ಬರ್ತೇನೆ. ಮದುವೆಯಾದ ಮೇಲೆ ಸುಳ್ಯ ದಾಟಿದವಳಲ್ಲ ನಾನು," ಎನ್ನಬೇಕೇ!

ಮ್ಯೂಸಿಯಮ್ಮಿನ ಕಾವಲುಗಾರ ನಮ್ಮನ್ನು ಮೇಲೆ ಕೆಳಗೆ ನೋಡಿದ. "ಇಲ್ಲಿ ಸೀರೆ ಗೀರೆ ಏನೂ ಇಲ್ಲ ಕಣಮ್ಮ, ಬರೀ ಕಾರುಗಳು."

"ಸೀರೆ ನಾವು ಉಟ್ಕೊಂಡೇ ಬಂದಿದ್ದೇವೆ," ಎಂದು ಅತ್ತೆ ಅವನನ್ನು ದಾಟಿ ಒಳಗೆ ನಡೆದರು.

ಎಂತೆಂಥ ಕಾರುಗಳು ಚೇಚಿ! ಗಾಡಿಯ ಹಾಗೆ ಮರದ ಚಕ್ರದ್ದು, ಹಾವಿನ ಬಾಯಿಯ ಹಾರ್ನಿನದ್ದು, ಹಿಂದೆ ಕೂತವರು ಡ್ರೈವರಿಗೆ ಅಪ್ಪಣೆ ಕೊಡಲು ಕೊಳವೆ ಇಟ್ಟದ್ದು. ನೀವು ಇದ್ದಿದ್ದರೆ ಒಂದೊಂದರ ಅಡಿಗೂ ಬಗ್ಗಿ ನೋಡದೆ ಬಿಡುತ್ತಿದ್ದಿರಾ? ನಾನು ಬಗ್ಗಿ ನೋಡಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಆದರೆ ಒಂದಕ್ಕೂ ಪೆಟ್ರೋಲಿನ ವಾಸನೆ ಇರಲಿಲ್ಲ. ಹೊಳೆಯುವ ಹಾಗೆ ಒರೆಸಿ, ಸುತ್ತ ಹಗ್ಗ ಕಟ್ಟಿ ನಿಲ್ಲಿಸಿದ್ದರು. ನನಗೆ ನೀವು ಹೋದ ಮೇಲೆ ತೊಮ್ಮಚ್ಚನ ಕೊಟ್ಟಿಗೆ ಸೇರಿದ್ದ ನಿಮ್ಮ ಜೀಪು ಕಣ್ಣಿಗೆ ಕಟ್ಟಿತು. ಅದನ್ನು ಒರೆಸುವವರೂ ಇರಲಿಲ್ಲ, ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

ಊರಿಗೆ ಬಂದವಳೇ ತೊಮ್ಮಚ್ಚನ ಅಂಗಳಕ್ಕೆ ಹೋದೆ. ತವರಿನಿಂದ ನನಗೆಂದೇ ಕೊಟ್ಟ ಹಸುವನ್ನು ಹೊಡೆದುಕೊಂಡು ಹೋದೆ. "ಇದನ್ನು ಇಟ್ಕೊಳ್ಳಿ, ಚೇಚಿಯ ಜೀಪು ಕೊಡಿ."

"ನಿನಗೂ ಹಿಡಿಯಿತಾ ಹುಚ್ಚು?"

"ಹಿಡಿದು ವರ್ಷಗಳಾಯಿತು. ನೀವು ನೋಡ್ಲಿಲ್ಲ, ಅಷ್ಟೇ."

ಕೊಟ್ಟರು. ಪುತ್ತೂರಿನ ಮೆಕ್ಯಾನಿಕ್ಕು ಬಂದು ಇಂಜಿನ್ ಬಿಚ್ಚಿ ಜೋಡಿಸಿದ. ಮತ್ತೆ ಅದೇ ಗದ್ದೆಯಲ್ಲಿ ಓಡಿಸುತ್ತಿದ್ದೇನೆ. ಮೊದಲ ದಿನ ಬದುವಿಗೆ ಗುದ್ದಿದೆ. ನೋಡುತ್ತಿದ್ದವರು ನಕ್ಕರು. ನಗಲಿ, ನಾನು ಇಳಿಯಲಿಲ್ಲ.

ನಾಡಿದ್ದು ಮಂಗಳೂರಿನಲ್ಲಿ ಲೈಸನ್ಸಿನ ಪರೀಕ್ಷೆ. ಫೇಲು ಮಾಡಿದರೆ ಪುನಃ ಹೋಗುತ್ತೇನೆ, ಪುನಃ ಮಾಡಿದರೆ ಪುನಃ. ಒಬ್ಬಳೇ ಅಲ್ಲ ಚೇಚಿ. ಆವತ್ತು ಹಸುವಿನ ಹಗ್ಗ ನನ್ನ ಕೈಯಿಂದ ತೆಗೆದುಕೊಳ್ಳುವಾಗ ತೊಮ್ಮಚ್ಚನ ಹೆಂಡತಿ ರೋಸಮ್ಮ, "ನನಗೂ ಕಲಿಸ್ತೀಯಾ?" ಎಂದು ಮೆಲ್ಲಗೆ ಕೇಳಿದ್ದಳು. ಅವಳೂ ಅರ್ಜಿ ಹಾಕಿದ್ದಾಳೆ. ಗಂಡನಿಗೆ ಹೇಳಿಯೇ.

ನಿಮ್ಮ
ಪೂವಮ್ಮ