ತಿಪ್ಪೆಗೆ ಚೆಲ್ಲಿದ ಲಸಿಕೆ

ಸ್ವರ್ಣಲತಾ ಅಕ್ಕನಿಗೆ, ಚಂದಕವಾಡಿಯಿಂದ ವನಿತಾ ಮಾಡುವ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪಿರುತ್ತದೆ, ಮನ್ನಿಸಿ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಎದುರಿಗೆ ನಿಂತು ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಸುಗಳಿಗೆ ಗಂಟುರೋಗದ ಲಸಿಕೆ ಹಾಕಲು ನೀವು ನಮ್ಮ ಬೀದಿಗೆ ಬಂದ ದಿನ ನೆನಪಿದೆಯಾ? ಆಡಿನ ಸಿಡುಬಿಗೆ ಹಾಕುವ ಲಸಿಕೆಯೇ ಇದಕ್ಕೂ ಆಗುತ್ತದೆ ಎಂದಿರಿ. ಅದು ನಮ್ಮ ಅತ್ತೆಗೆ ಹಿಡಿಸಲಿಲ್ಲ. “ಆಡಿಂದ ಹಸುಗ ಆಕುದ್ರ ಹಾಲು ಆಡು ವಾಸ್ನ ಬತ್ತದ ಕಣಮ್ಮಿ, ಡೈರೀಲಿ ವಾಪಸ್ ಕಳುಸ್ಬುಡ್ತಾರ” ಎಂದು ಒಳಗೆ ಕರೆದು ಹೇಳಿದರು. ನಾನೂ ನಂಬಿದೆ. ನಮ್ಮ ಹಸು ಕೆಂದಿ ಹೊಸಬರನ್ನು ಕಂಡರೆ ಒದೆಯುತ್ತದೆ, ನಾನೇ ಹಾಕುತ್ತೇನೆ ಕೊಡಿ ಎಂದು ನಿಮ್ಮನ್ನು ಕೇಳಿದೆ. ಚರ್ಮವನ್ನು ಹೇಗೆ ಎತ್ತಿ ಹಿಡಿಯಬೇಕೆಂದು ನಿಮ್ಮ ಸೆರಗನ್ನೇ ಚಿವುಟಿ ತೋರಿಸಿ, ತುಂಬಿದ ಸಿರಿಂಜನ್ನು ನನ್ನ ಕೈಗೆ ಕೊಟ್ಟಿರಿ. ನಾನು ಹಿತ್ತಿಲಿಗೆ ಹೋಗಿ ಅದನ್ನು ತಿಪ್ಪೆಗೆ ಚೆಲ್ಲಿ, ಖಾಲಿಯದನ್ನು ತಂದುಕೊಟ್ಟೆ. “ಗಟ್ಟಿಗಿತ್ತಿ ಕಣಮ್ಮಿ ನೀನು” ಎಂದಿರಿ.

ತಿಂಗಳು ಕಳೆದ ಮೇಲೆ ಕೆಂದಿಯ ಮೈತುಂಬ ಗಂಟು ಎದ್ದವು. ಡೈರಿ ಸಾಲಿನಲ್ಲಿ ಕೇಳಿದವರಿಗೆ, ಸ್ವರ್ಣಕ್ಕ ಸೂಜಿ ಹಾಕಿದ ಮೇಲೇ ಹೀಗಾಯಿತು ಎಂದುಬಿಟ್ಟೆ. ಎಂದೂ ಮಾತಾಡದವಳು ಆಡಿದ ಮಾತು ಎಂದು ಎಲ್ಲರೂ ನಂಬಿದರು. ಮುಂದಿನ ಸಲ ನೀವು ಲಸಿಕೆ ತಂದಾಗ ನಿಮ್ಮನ್ನು ಯಾರೂ ಕೊಟ್ಟಿಗೆಗೆ ಬಿಡಲಿಲ್ಲ.

ಕೆಂದಿ ಗುಣವಾದ ಮೇಲೆ, ಲಸಿಕೆ ಹಾಕಿಸಿದ ಹಸುವಿಗೂ ರೋಗ ಹೇಗೆ ಬಂತೆಂದು ನೋಡಲು ಡಾಕ್ಟರು ಬಂದು ಅದರ ರಕ್ತ ತೆಗೆದುಕೊಂಡು ಹೋದರು. ಲಸಿಕೆ ಹಾಕಿಲ್ಲವೆಂದು ರಕ್ತದಲ್ಲಿ ಗೊತ್ತಾಗಿಬಿಡುತ್ತದೆ ಎಂದು ನಾನು ಹೆದರಿದ್ದೆ. ರಿಪೋರ್ಟು ಬಂದ ದಿನ ಡಾಕ್ಟರು ಬೀದಿಯವರನ್ನೆಲ್ಲ ಸೇರಿಸಿ, ರಕ್ತದಲ್ಲಿ ಪ್ರತಿಕಾಯ ಇದೆ, ಅಂದರೆ ರೋಗ ತಡೆಯುವ ಶಕ್ತಿ ಇದೆ ಎಂದರು. ಆಡಿನ ಸಿಡುಬು, ಗಂಟುರೋಗ ಎರಡೂ ಒಂದೇ ಕುಲದವಂತೆ. ಆದ್ದರಿಂದ ಆ ಶಕ್ತಿ ಲಸಿಕೆಯಿಂದ ಬಂತೋ, ರೋಗ ಬಂದು ಹೋದದ್ದರಿಂದ ಬಂತೋ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವಂತೆ. “ಅವೂ ದಾಯಾದಿಗಳಾ ಡಾಕ್ಟ್ರೇ?” ಎಂದು ಪಕ್ಕದ ಮನೆ ಸುಂದ್ರಮ್ಮತ್ತೆ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕ. ರಕ್ತ ನನ್ನನ್ನು ಹಿಡಿದುಕೊಡಲಿಲ್ಲವಲ್ಲ ಎಂಬ ನಗು ಅದು. ನೀವು ಗೋಡೆಗೆ ಒರಗಿ ನಿಂತಿದ್ದಿರಿ. ಸಿರಿಂಜನ್ನು ಇವಳ ಕೈಗೇ ಕೊಟ್ಟಿದ್ದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀವು ನನ್ನ ಮುಖವನ್ನು ಒಮ್ಮೆ ನೋಡಿ, ಲಸಿಕೆಯ ಐಸ್ ಡಬ್ಬ ತೆಗೆದುಕೊಂಡು ಹೊರಟುಹೋದಿರಿ.

ಈಗ ಲಸಿಕೆ ಕೆಲಸ ಬಿಟ್ಟು ಬದನಗುಪ್ಪೆಯ ಕಾರ್ಖಾನೆಗೆ ಹೋಗುತ್ತಿದ್ದೀರಂತೆ. ಬಸ್ಸಿಗೆ ನಿಂತ ನಿಮ್ಮನ್ನು ಕಂಡರೆ ನಾನು ಬೇಲಿ ಮರೆಗೆ ಸರಿಯುತ್ತೇನೆ.

ಗುಂಡ್ಲುಪೇಟೆ ಕಡೆ ರೋಗ ಮತ್ತೆ ಕಾಣಿಸಿಕೊಂಡಿದೆ ಎಂದು ಮೊನ್ನೆ ತವರಿನಿಂದ ಫೋನು ಬಂತು. ನನ್ನ ಮಾತು ನಂಬಿದವರ ಹಸುಗಳಿಗೆ ಆ ಸಲದ ಲಸಿಕೆ ಇನ್ನೂ ಆಗಿಲ್ಲ. ಅವರು ಕರೆದರೆ ದಯವಿಟ್ಟು ಬನ್ನಿ. ನನ್ನ ಮನೆಗೆ ಬರಬೇಡಿ, ಅವರ ಮನೆಗಳಿಗೆ ಬನ್ನಿ. ನಿಮ್ಮ ಮಕ್ಕಳು ಸುಖವಾಗಿರಲಿ.

ಇವತ್ತು ಬೆಳಿಗ್ಗೆ ಡೈರಿ ಸಾಲಿನಲ್ಲಿ, ಎಲ್ಲರಿಗೂ ಕೇಳುವಂತೆ, ಸುಂದ್ರಮ್ಮತ್ತೆಗೆ ನಿಜ ಹೇಳಿದೆ. “ನಿನ್ ಮಾತ್ ಕೇಳ್ಕಂಡು ನಮ್ ಹಸುಗ ಆಕುಸ್ನಿಲ್ವಲ್ಲಮ್ಮಿ” ಎಂದರು, ಅಷ್ಟೇ. ನನ್ನ ಹಿಂದಿದ್ದವರೆಲ್ಲ ಕ್ಯಾನು ಎತ್ತಿಕೊಂಡು ನನ್ನನ್ನು ದಾಟಿ ಮುಂದೆ ಹೋಗಿ ನಿಂತರು. ನಾನು ಕೊನೆಯಲ್ಲಿ ಹಾಲು ಹಾಕಿ ಬಂದೆ.

ನಿಮಗೆ ತಪ್ಪು ಮಾಡಿದ,
ವನಿತಾ