ಮೂರನೆಯ ಹಾಡು ಹಚ್ಚಬೇಡ

ಎಜ್‌ವೇರ್, ಲಂಡನ್
ತಾ. 9-3-1998

ಮುದ್ದಿನ ಸೊಸೆ ಸುವರ್ಣಾಳಿಗೆ ಪರಪ್ಪ ಮಾಮಾನ ಹಾರೈಕೆಗಳು.

ಈ ಪತ್ರವನ್ನು ಒಬ್ಬಳೇ ಕೂತು ಓದು. ಫೋನ್ ಮಾಡಬಹುದಿತ್ತು, ಆದರೆ ನನ್ನ ತಂಗಿ, ನಿಮ್ಮವ್ವ ರತ್ನವ್ವ ಎತ್ತಿಕೊಂಡರೆ ಸಂಜೆಯೊಳಗೆ ಇಡೀ ಧಾರವಾಡಕ್ಕೆ ಸುದ್ದಿ.

ಇಂಗ್ಲಿಷರ ಸಿ.ಡಿ.ಯಲ್ಲಿ ನನ್ನ ಹಾಡಿದೆ ಎಂದದ್ದು ಸುಳ್ಳಲ್ಲ. ನಾನು ನೋಡಿಕೊಳ್ಳುವ ಕಟ್ಟಡದಲ್ಲಿ (ನೆಲ ಒರೆಸುವುದೂ ನೋಡಿಕೊಂಡಂತೆಯೇ!) ಒಂದು ಸ್ಟುಡಿಯೋ ಇದೆ. ಅಲ್ಲಿಯ ಬ್ಯಾಂಡಿನವರು ಹೊಸ ಸಿಂಗಲ್ ತಂದರು. ಮುಂದೆ ಒಂದು ದೊಡ್ಡ ಹಾಡು, ಅದರ ಬೆನ್ನಿಗೆ ಎರಡು ಸಣ್ಣವು, ಬಿ-ಸೈಡ್ ಅಂತಾರೆ. 'ಮೂರನೆಯದರಲ್ಲಿ ನಿನ್ನ ದನಿ ಇದೆ ಅಂಕಲ್, ಬಹಳ ಚೆಂದ' ಎಂದು ಎರಡು ಸಿ.ಡಿ. ಕೈಗಿಟ್ಟರು. ನೆಲ ಒರೆಸುತ್ತ ನಾನು ಹಾಡುವ ಭಜನೆಯನ್ನು ಹಿಡಿದಿದ್ದಾರೆಂದುಕೊಂಡೆ. ಮನೆಯಲ್ಲಿ ಸಿ.ಡಿ. ಹಾಕುವ ಯಂತ್ರವಿಲ್ಲ. ಕೇಳದೆಯೇ ಸಂಕ್ರಾಂತಿಗೆ ಒಂದನ್ನು ಹಡಗಿನ ಅಂಚೆಯಲ್ಲಿ ನಿನ್ನ ಮಾವನಾಗುವ ಸಂಗೀತ ಮಾಸ್ತರರಿಗೆ ಕಳಿಸಿಬಿಟ್ಟೆ. 'ನಮ್ಮ ಮನಿತನದ ಕಂಠ ಕೇಳ್ರಿ' ಎಂದು ವಿಮಾನದ ಅಂಚೆಯಲ್ಲಿ ಕಾಗದ ಬೇರೆ ಬರೆದೆ. 'ನಿಶ್ಚಯದ ದಿನ ಎಲ್ಲಾರ ಮುಂದ ಹಚ್ಚೂಣು' ಎಂದು ಅವರ ಉತ್ತರವೂ ಬಂತು.

ನಿನ್ನೆ ಸೌತ್‌ಹಾಲ್‌ನ ಅಂಗಡಿಯೊಂದರಲ್ಲಿ ಹಾಕಿಸಿ ಕೇಳಿದೆ. ಭಜನೆಯಲ್ಲ ಮಗಳೇ, ಲಿಫ್ಟು! ದೀಪಾವಳಿ ಹೊತ್ತಿಗೆ ಲಿಫ್ಟು ನಡುವೆ ಕೆಟ್ಟು, ದೀಪವೂ ಆರಿ, ಎರಡು ತಾಸು ಒಳಗೆ ಸಿಕ್ಕಿಬಿದ್ದಿದ್ದೆ. ಹೆದರಿಕೆಗೆ ಊರ ಸಾಲಿಯ ಮಗ್ಗಿ ಹೇಳತೊಡಗಿದೆ. ಮಂತ್ರವೆಂದು ತಿಳಿದು ಆ ಪುಣ್ಯಾತ್ಮರು ಮೇಲಿಂದ ಮೈಕು ಇಳಿಬಿಟ್ಟಿದ್ದಾರೆ. ಮೂವತ್ತರ ತನಕ ಬಾಯಿಪಾಠ ಇದ್ದವ ನಾನು, ಅದೂ ತಪ್ಪಿ ಹತ್ತೊಂಬತ್ತೇಳಲೆ ನೂರಾ ಇಪ್ಪತ್ತಮೂರು ಎಂದಿದ್ದೇನೆ! ನಡುನಡುವೆ 'ಯವ್ವಾ, ಬಾಗಲಾ ತಗೀರೋ' ಎಂಬ ಅಳು, ಅದಕ್ಕೆ ಗಿಟಾರು. ಅಂಗಡಿಯ ಸರದಾರಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ನನಗೆ ನಗು ಬರಲಿಲ್ಲ. ಮತ್ತೆ ಅದೇ ಕತ್ತಲ ಡಬ್ಬಿಯೊಳಗೆ ನಿಂತಂತಾಯಿತು, ಇನ್ನೂ ಹೊರಬಂದಿಲ್ಲ. ಹಡಗೇರಿದ ಪಾರ್ಸೆಲ್ ತಿರುಗಿ ಕರೆಸುವಂತಿಲ್ಲ. ಮಾಸ್ತರರಿಗೆ ನಿಜ ಹೇಳಲು ನಾಲಿಗೆ ಏಳುತ್ತಿಲ್ಲ. ರಾಗದಲ್ಲೇ ಉಸಿರಾಡುವ ಮನೆ ಅದು. ನನ್ನ ಬಡಾಯಿಯಿಂದ ನಿನ್ನ ಸಂಬಂಧ ಮುರಿದರೆ?

ಏಪ್ರಿಲ್ ಐದಕ್ಕೆ ನಿಶ್ಚಯ. ಮೊದಲ ಹಾಡು ಮುಗಿದದ್ದೇ ಯಂತ್ರ ಬಂದ್ ಮಾಡು. ಮೂರನೆಯದನ್ನು ಹಚ್ಚಿಯೇಬಿಟ್ಟರೆ, 'ಇಂವ ಯಾವನೋ ಬ್ಯಾರೆ, ನಮ್ಮ ಮಾಮಾ ಅಲ್ಲರಿ' ಎಂದು ಖಡಾಖಂಡಿತ ಹೇಳು.

ಇಂತಿ, ಧಾರವಾಡದ ಮಟ್ಟಿಗೆ ಇನ್ನೂ ಗಾಯಕನಾಗಿರುವ,
ನಿನ್ನ ಪರಪ್ಪ ಮಾಮಾ

ತಾ.ಕ.: ಒಂದು ಮಾತು ಮೇಲೆ ಬರೆಯಲು ನಾಚಿಕೆಯಾಯಿತು. ಹಾಡಿನ ಕೊನೆಗೆ ಗಿಟಾರು ನಿಂತು ನನ್ನ ದನಿಯೊಂದೇ ಉಳಿಯುತ್ತದೆ: 'ನಮ್ಮ ರತ್ನವ್ವನ ಮಗಳು ಸುವರ್ಣಾನ ಮ್ಯಾಲ ಮದವಿ ಅಕ್ಕಿಕಾಳ ಬೀಳೂತನಕಾರೆ ನನ್ನ ಉಳಸೋ ಯಪ್ಪಾ.'